ಚಿಕ್ಕ ಗಡಿಯಾರದ ಬಳಿಯ ಗ್ರಂಧಿಗೆ ಅಂಗಡಿ: ಅಮ್ಮ ಹೇಳಿಕೊಟ್ಟ ಪಟ್ಟಿ ಹಿಡಿದು ಹೋಗುವವರಿಗೆ

ಮೈಸೂರಿನ ಚಿಕ್ಕ ಗಡಿಯಾರದ ಸುತ್ತ, ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಗ್ರಂಧಿಗೆ ಅಂಗಡಿಗಳು ಹಲವಾರಿವೆ. ಪೂಜಾ ಸಾಮಗ್ರಿ, ನಾರುಬೇರು, ಮದುವೆಯ ಅರಿಶಿನ ಕುಂಕುಮಗಳ ಜೊತೆಗೆ ತಲೆಗೂ ಮೈಗೂ ಹಚ್ಚುವ ಪುಡಿಗಳನ್ನು ಮಾರುವ ಈ ಅಂಗಡಿಗಳ ಪೈಕಿ ನಾನು ಬಹುಕಾಲದಿಂದ ಹೋಗುತ್ತಿರುವ ಒಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಮೆಚ್ಚುಗೆಯ ಜೊತೆಗೆ ದೂರುಗಳೂ ಇರುವುದರಿಂದ ಅಂಗಡಿಯ ಹೆಸರನ್ನು ಹೇಳುವುದಿಲ್ಲ. ಕೂದಲು ಮತ್ತು ಚರ್ಮದ ಆರೈಕೆಯ ಬಗ್ಗೆ ಅಮ್ಮ ತನ್ನ ಅಮ್ಮನಿಂದ ಕಲಿತು ನನಗೆ ಹೇಳಿಕೊಟ್ಟದ್ದನ್ನು ನಾನೀಗ ಕಾಲೇಜಿಗೆ ಹೋಗುವ ಮಗಳಿಗೆ ಹೇಳಿಕೊಡುತ್ತಿದ್ದೇನೆ. ಆದ್ದರಿಂದ ಆ ಸಲಹೆಗಳನ್ನು ಪಾಲಿಸಲು ಬೇಕಾದ ಪದಾರ್ಥಗಳು ಇಲ್ಲಿ ಸರಿಯಾಗಿ ಸಿಗುತ್ತವೆಯೇ ಎಂಬುದಷ್ಟನ್ನೇ ನಾನು ನೋಡಿದ್ದೇನೆ.

ಮೊದಲಿಗೆ ಸೀಗೆಕಾಯಿ. ಇಲ್ಲಿ ಅದು ಪುಡಿಯಾಗಿಯೂ ಸಿಗುತ್ತದೆ, ಇಡಿಯಾಗಿಯೂ ಸಿಗುತ್ತದೆ. ಇಡೀ ಕಾಯಿಯನ್ನೇ ಕೊಳ್ಳಬೇಕೆಂಬುದು ಅಮ್ಮನ ಕಟ್ಟುನಿಟ್ಟು. ಕೆಂಗಂದು ಬಣ್ಣದ, ಮುರಿದರೆ ಪಟ್ಟೆಂದು ತುಂಡಾಗುವ, ಹುಳು ಕೊರೆದ ತೂತುಗಳಿಲ್ಲದ ಕಾಯಿಯನ್ನೇ ಆರಿಸಬೇಕು. ಬಗ್ಗಿಸಿದರೂ ಮುರಿಯದಿದ್ದರೆ ಅದರಲ್ಲಿ ತೇವವಿದೆ ಎಂದರ್ಥ, ಪುಡಿ ಮಾಡಿದರೆ ಗಂಟುಕಟ್ಟುತ್ತದೆ. ಈ ಅಂಗಡಿಯ ಯಜಮಾನರು ಗೋಣಿಚೀಲವನ್ನು ಮುಂದಕ್ಕೆಳೆದು ಗಿರಾಕಿಯೇ ಕೈಯಾಡಿಸಿ ನೋಡಲು ಬಿಡುತ್ತಾರೆ, ಮುರಿದು ನೋಡಿದರೂ ಬೇಸರಿಸುವುದಿಲ್ಲ. ಬಿಳಿಗಿರಿರಂಗನ ಬೆಟ್ಟದ ಕಾಡುಗಳಲ್ಲಿ ಸೋಲಿಗರು ಸಂಗ್ರಹಿಸುವ ಕಿರು ಅರಣ್ಯ ಉತ್ಪನ್ನಗಳಲ್ಲಿ ಜೇನು, ನೆಲ್ಲಿಕಾಯಿ, ಕಲ್ಲುಹೂವಿನ ಜೊತೆಗೆ ಸೀಗೆಕಾಯಿ ಮತ್ತು ಅಂಟುವಾಳವೂ ಸೇರಿವೆ. ಆ ಬೆಟ್ಟ ಇರುವ ಚಾಮರಾಜನಗರ ಜಿಲ್ಲೆ ಪಕ್ಕದಲ್ಲೇ ಇರುವಾಗ ಮೈಸೂರಿನವರು ಎಲ್ಲಿಂದಲೋ ಬಂದ, ಎಂದೋ ಪುಡಿಯಾದ ಪೊಟ್ಟಣವನ್ನು ಕೊಳ್ಳಬೇಕಾದ ಅಗತ್ಯ ನನಗಂತೂ ಕಾಣುವುದಿಲ್ಲ.

ಅಮ್ಮನ ಲೆಕ್ಕ ಹೀಗಿದೆ: ಒಂದು ಕಿಲೋ ಸೀಗೆಕಾಯಿಗೆ ಕಾಲು ಕಿಲೋ ಹೆಸರುಕಾಳು, ನೂರು ಗ್ರಾಂ ಮೆಂತ್ಯ, ಬೀಜ ತೆಗೆದ ಅಂಟುವಾಳದ ಸಿಪ್ಪೆ ಒಂದು ಹಿಡಿ, ನೆರಳಿನಲ್ಲಿ ಒಣಗಿಸಿದ ದಾಸವಾಳದ ಎಲೆ ಎರಡು ಹಿಡಿ. ಇದರಲ್ಲಿ ಪ್ರತಿಯೊಂದಕ್ಕೂ ಕಾರಣವಿದೆ. ಸೀಗೆಕಾಯಿಯಲ್ಲೂ ಅಂಟುವಾಳದಲ್ಲೂ ಸಪೋನಿನ್ ಎಂಬ ನೊರೆ ಬರಿಸುವ ಅಂಶವಿದೆ, ಎಣ್ಣೆಯ ಜಿಡ್ಡನ್ನು ಬಿಡಿಸುವುದು ಅದೇ. ಅಂಟುವಾಳದ ನೊರೆ ಹೆಚ್ಚು, ಕೂದಲನ್ನು ಒರಟಾಗಿಸುವ ಗುಣವೂ ಹೆಚ್ಚು. ಹಾಗಾಗಿ ಅದು ಹಿಡಿಯಷ್ಟೇ ಸಾಕು. ಮೆಂತ್ಯ ಮತ್ತು ದಾಸವಾಳದ ಎಲೆಯ ಲೋಳೆ ಆ ಒರಟುತನವನ್ನು ಕಡಿಮೆ ಮಾಡಿ ಸಿಕ್ಕು ಬಿಡಿಸಲು ನೆರವಾಗುತ್ತದೆ. ಈ ಲೆಕ್ಕವನ್ನು ಒಪ್ಪಿಸಿದಾಗ ಯಜಮಾನರು ಸುಮ್ಮನೆ ತೂಗಿಕೊಡಲಿಲ್ಲ. "ಕೂದಲು ಯಾರದಮ್ಮಾ, ನಿಮ್ಮದಾ, ಮಗಳದಾ? ಜಿಡ್ಡಿನ ಕೂದಲಾ, ಒಣ ಕೂದಲಾ?" ಎಂದು ಕೇಳಿ, ಒಣ ಕೂದಲು ಎಂದಾಗ ಅಂಟುವಾಳವನ್ನು ಅರ್ಧಕ್ಕೆ ಇಳಿಸಿ, ಬೇಸಿಗೆಯಲ್ಲಿ ಸ್ವಲ್ಪ ಚಿಗರೆಪುಡಿಯನ್ನೂ (ತಲೆ ತೊಳೆಯಲು ಬಳಸುವ ಒಂದು ಬಗೆಯ ಎಲೆಯ ಪುಡಿ) ಸೇರಿಸಿಕೊಳ್ಳಿ ಎಂದರು. ಈ ಒಂದು ಪ್ರಶ್ನೆಗಾಗಿಯೇ ನಾನು ಈ ಅಂಗಡಿಯನ್ನು ಬಿಟ್ಟಿಲ್ಲ. ಅಮ್ಮ ಕೂಡ ಮೊದಲು ನನ್ನ ತಲೆಯನ್ನು ಮುಟ್ಟಿ ನೋಡಿ, ಆಮೇಲೆ ಪುಡಿಯ ಡಬ್ಬಿಗೆ ಕೈ ಹಾಕುತ್ತಿದ್ದಳು; ಅಕ್ಕನಿಗೆ ಕಲಸುತ್ತಿದ್ದ ಮಿಶ್ರಣವೇ ಬೇರೆ, ನನಗೆ ಕಲಸುತ್ತಿದ್ದದ್ದೇ ಬೇರೆ.

ಪುಡಿ ಮಾಡಿಸುವ ಸೌಕರ್ಯವೂ ಇಲ್ಲಿದೆ. ಹಿಟ್ಟಿನ ಗಿರಣಿಯವರು ಸಾಮಾನ್ಯವಾಗಿ ಸೀಗೆಕಾಯಿಯನ್ನು ಒಪ್ಪುವುದಿಲ್ಲ. ಅದರ ಘಾಟು ಮುಂದಿನವರ ರಾಗಿಹಿಟ್ಟಿಗೆ ಅಂಟಿಕೊಳ್ಳುತ್ತದೆ, ಬೀಸುವವರಿಗೆ ಸೀನು ನಿಲ್ಲುವುದಿಲ್ಲ. ಈ ಅಂಗಡಿಯವರು ಇಂಥ ಪದಾರ್ಥಗಳಿಗೆಂದೇ ಇರುವ ಯಂತ್ರದಲ್ಲಿ ಬೀಸಿಸಿ ಮರುದಿನ ಕೊಡುತ್ತಾರೆ. ಪುಡಿ ನುಣ್ಣಗಿತ್ತು, ಮನೆಗೆ ತಂದು ಜರಡಿ ಹಿಡಿದಾಗ ಉಳಿದ ತರಿ ಬಹಳ ಕಡಿಮೆ. ಹೆಸರಾಂತ ಶಾಂಪೂವಿನ ಬಾಟಲಿಗಳಿಗೆ ತೆರುವ ಹಣಕ್ಕೆ ಹೋಲಿಸಿದರೆ ಖರ್ಚು ಏನೇನೂ ಅಲ್ಲ.

ಆದರೆ ಪುಡಿ ಎಷ್ಟೇ ಚೆನ್ನಾಗಿದ್ದರೂ ಬಳಸುವ ಕ್ರಮ ತಿಳಿಯದಿದ್ದರೆ ಅದು ನಿರಾಶೆಯನ್ನೇ ತರುತ್ತದೆ. ಸೀಗೆಪುಡಿಯನ್ನು ಬಿಟ್ಟವರಲ್ಲಿ ಬಹಳ ಮಂದಿ ಹೇಳುವ ಕಾರಣ ಎರಡೇ: ಕಣ್ಣು ಉರಿಯುತ್ತದೆ, ಪುಡಿ ಕೂದಲಲ್ಲೇ ಉಳಿಯುತ್ತದೆ. ಅಮ್ಮನ ಕ್ರಮದಲ್ಲಿ ಎರಡಕ್ಕೂ ಉತ್ತರವಿತ್ತು. ಹರಳೆಣ್ಣೆ ಬಹಳ ಮಂದವಾದ್ದರಿಂದ ಅದಕ್ಕೆ ಎರಡು ಪಾಲು ಕೊಬ್ಬರಿ ಎಣ್ಣೆ ಬೆರೆಸಿ, ಉಗುರುಬೆಚ್ಚಗೆ ಮಾಡಿ, ಬುಡಕ್ಕೆ ಬೆರಳ ತುದಿಯಿಂದ ಹಚ್ಚಿ ಮುಕ್ಕಾಲು ಗಂಟೆ ಬಿಡಬೇಕು. ಅಷ್ಟರಲ್ಲಿ ಸೀಗೆಪುಡಿಯನ್ನು ಅನ್ನದ ಗಂಜಿಯಲ್ಲಿ ತೆಳ್ಳಗೆ ಕಲಸಿ ನೆನೆಯಲು ಇಡಬೇಕು. ಒಣ ಪುಡಿಯನ್ನು ನೇರವಾಗಿ ತಲೆಗೆ ಸುರಿಯಲೇಬಾರದು. ತಲೆಯನ್ನು ಹಿಂದಕ್ಕೆ ಬಾಗಿಸಿ, ಹಣೆಯಿಂದ ಹಿಂದಕ್ಕೆ ತಿಕ್ಕಿ ತೊಳೆದರೆ ನೀರು ಕಣ್ಣಿಗೆ ಇಳಿಯುವುದಿಲ್ಲ. ಕೊನೆಗೆ ಹತ್ತಿಯ ಬಟ್ಟೆಯಲ್ಲಿ ಸುತ್ತಿಡಬೇಕು, "ಒದ್ದೆ ತಲೆಗೆ ಬಾಚಣಿಗೆ ತಾಗಿಸಬೇಡ ಕಣೇ" ಎಂಬುದು ಅಮ್ಮ ಪ್ರತಿ ವಾರ ತಪ್ಪದೆ ಹೇಳುತ್ತಿದ್ದ ಮಾತು. ಒದ್ದೆಯಾದ ಕೂದಲು ಎಳೆತಕ್ಕೆ ಬೇಗ ತುಂಡಾಗುತ್ತದೆ ಎಂಬ ಕಾರಣವನ್ನು ಆಕೆ ವಿವರಿಸಿರಲಿಲ್ಲ, ಆದರೆ ಮಾತು ಸರಿಯಾಗಿತ್ತು. ಅಂಗಡಿಯವರು ಪುಡಿಯ ಜೊತೆಗೆ ಈ ಕ್ರಮವನ್ನು ಒಂದು ಚೀಟಿಯಲ್ಲಿ ಮುದ್ರಿಸಿ ಕೊಟ್ಟರೆ ಹೊಸಬರಿಗೆ ದೊಡ್ಡ ಉಪಕಾರವಾಗುತ್ತದೆ. ಈಗ ಕೇಳಿದವರಿಗೆ ಮಾತ್ರ ಹೇಳುತ್ತಾರೆ, ಹಬ್ಬದ ಗದ್ದಲದಲ್ಲಿ ಅದೂ ಇಲ್ಲ.

ಮುಖಕ್ಕೆ ಹಚ್ಚುವ ಪದಾರ್ಥಗಳಲ್ಲಿ ಕಡಲೆಹಿಟ್ಟು ತಾಜಾ, ದೂರಿಲ್ಲ. ಕಸ್ತೂರಿ ಅರಿಶಿನದ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ನಿಜವಾದ ಕಸ್ತೂರಿ ಅರಿಶಿನ ಅಡುಗೆಯ ಅರಿಶಿನದಷ್ಟು ಗಾಢವಾಗಿರುವುದಿಲ್ಲ. ಬಣ್ಣ ತೆಳು, ಮೂಗಿಗೆ ಹಿಡಿದರೆ ಕರ್ಪೂರವನ್ನು ನೆನಪಿಸುವ ಪರಿಮಳ, ಚರ್ಮಕ್ಕೆ ಹಳದಿ ಕಲೆ ಅಷ್ಟಾಗಿ ಹಿಡಿಯುವುದಿಲ್ಲ. ಅದೇ ಹೆಸರಿನಲ್ಲಿ ಬೇರೆ ಜಾತಿಯ ಗೆಡ್ಡೆಯ ಪುಡಿಯನ್ನು ಮಾರುವುದು ದಕ್ಷಿಣದ ಮಾರುಕಟ್ಟೆಗಳಲ್ಲಿ ಸಾಮಾನ್ಯ. ಇಲ್ಲಿ ಡಬ್ಬಿಯಲ್ಲಿ ಇಟ್ಟಿದ್ದ ಪುಡಿ ಕಡುಹಳದಿಯಾಗಿತ್ತು. ಪ್ರಶ್ನಿಸಿದಾಗ ಒಳಗಿನಿಂದ ಒಣಗಿದ ಗೆಡ್ಡೆಯ ಬಿಲ್ಲೆಗಳನ್ನು ತಂದುಕೊಟ್ಟರು, ಅವು ಸರಿಯಾಗಿದ್ದವು. ಕೇಳದೆ ಹೋದವರಿಗೆ ಸಿಗುವುದು ಕಡುಹಳದಿ ಪುಡಿಯೇ ಎಂಬುದು ನನ್ನ ಮೊದಲ ದೂರು.

ಮುಖದ ಬಗ್ಗೆ ಅಮ್ಮನ ಎರಡು ನಿಷೇಧಗಳನ್ನು ಇಲ್ಲೇ ಹೇಳಿಬಿಡುತ್ತೇನೆ. ಮೊಡವೆ ಕೆಂಪಾಗಿರುವಾಗ ಕಡಲೆಹಿಟ್ಟು ಹಾಕಿ ತಿಕ್ಕಬಾರದು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು. ನಿಂಬೆಯ ಅಂಶ ಬಿಸಿಲಿನೊಡನೆ ಸೇರಿ ಚರ್ಮವನ್ನು ಸುಟ್ಟು ಕಪ್ಪು ಕಲೆ ಉಳಿಸಬಲ್ಲದೆಂದು ಚರ್ಮವೈದ್ಯರೂ ಹೇಳುತ್ತಾರೆ.

ಎರಡನೆಯ ದೂರು ಸಿದ್ಧ ಪೊಟ್ಟಣಗಳ ಬಗ್ಗೆ. ಸ್ನಾನದ ಪುಡಿ ಎಂಬ ಚೀಟಿ ಅಂಟಿಸಿದ ಆ ಪೊಟ್ಟಣಗಳ ಮೇಲೆ ಏನೇನು ಸೇರಿಸಿದ್ದಾರೆ, ಯಾವಾಗ ಪುಡಿ ಮಾಡಿದ್ದಾರೆ ಎಂಬುದಿಲ್ಲ. ಬದಲಿಗೆ ಮೈಬಣ್ಣ ಬೆಳ್ಳಗಾಗುತ್ತದೆ ಎಂದು ದಪ್ಪಕ್ಷರದಲ್ಲಿದೆ. ಅಮ್ಮನ ಸಲಹೆಗಳಲ್ಲೂ ಇದೊಂದು ಇತ್ತು; ಕೆನೆಗೆ ಕೇಸರಿ ಬೆರೆಸಿ ಹಚ್ಚಿಕೊಂಡರೆ ಬಣ್ಣ ತಿಳಿಯಾಗುತ್ತದೆ, ಗಂಡು ನೋಡಲು ಬರುವ ಹೊತ್ತಿಗೆ ಸರಿಹೋಗುತ್ತದೆ ಎಂದು ಆಕೆ ನಂಬಿದ್ದಳು, ಆಕೆಗೆ ಅದನ್ನು ಹೇಳಿಕೊಟ್ಟವರೂ ನಂಬಿದ್ದರು. ನಾನು ನನ್ನ ಮಗಳಿಗೆ ಅದನ್ನು ದಾಟಿಸಲಿಲ್ಲ, ದಾಟಿಸುವುದೂ ಇಲ್ಲ. ಹುಟ್ಟಿದ ಬಣ್ಣವನ್ನು ಯಾವ ಪುಡಿಯೂ ಬದಲಿಸುವುದಿಲ್ಲ, ಬದಲಿಸಬೇಕಾದ ಕೊರತೆಯೂ ಅದರಲ್ಲಿಲ್ಲ. ಇಷ್ಟು ಒಳ್ಳೆಯ ಕಚ್ಚಾ ಪದಾರ್ಥ ಮಾರುವ ಅಂಗಡಿಯ ಕಪಾಟಿನಲ್ಲಿ ಆ ಚೀಟಿಯನ್ನು ನೋಡಿದಾಗ ನನಗೆ ನಿಜಕ್ಕೂ ನೋವಾಗುತ್ತದೆ.

ಇನ್ನು ಮೂರು ವಸ್ತುಗಳನ್ನು ಇಲ್ಲಿ ಕೊಳ್ಳಬೇಡಿರೆಂದೇ ಹೇಳುತ್ತೇನೆ. ಅಗ್ಗದ ಶ್ರೀಗಂಧದ ಪುಡಿ: ಗಂಧದ ಮರದ ಚೇಗು ಕಿಲೋಗೆ ಸಾವಿರಾರು ರೂಪಾಯಿ ಬಾಳುವಾಗ ಅಂಗೈಯಗಲದ ಪೊಟ್ಟಣ ಕೆಲವೇ ರೂಪಾಯಿಗೆ ಸಿಗುತ್ತದೆಂದರೆ ಅದರಲ್ಲಿ ಗಂಧ ಎಷ್ಟಿದ್ದೀತು? ಸಾಣೆಕಲ್ಲಿನ ಮೇಲೆ ಕೊರಡು ತೇಯುವ ಅಭ್ಯಾಸವಿದ್ದರೆ ಸರ್ಕಾರಿ ಮಳಿಗೆಯಿಂದ ಕೊರಡನ್ನೇ ತನ್ನಿ. ಕಪ್ಪು ಮೆಹಂದಿ: ಗೋರಂಟಿ ಎಲೆಯ ಸಹಜ ಬಣ್ಣ ಕೆಂಪು ಕಿತ್ತಳೆಯದು, ಕೆಲವೇ ನಿಮಿಷಗಳಲ್ಲಿ ಕಪ್ಪು ಹಿಡಿಯುವುದರಲ್ಲಿ ಹೆಚ್ಚಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ, ಅದು ಹಲವರಿಗೆ ತೀವ್ರ ಅಲರ್ಜಿ ತರುತ್ತದೆ. ಹೆಸರಿಲ್ಲದ ಡಬ್ಬಿಯ ಕಾಡಿಗೆ: ಇಂಥ ಕಾಡಿಗೆ, ಸುರ್ಮಾಗಳಲ್ಲಿ ಸೀಸ ಪತ್ತೆಯಾಗಿರುವುದುಂಟು. ಅಮ್ಮ ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಕವುಚಿ ಹಿಡಿದ ಮಸಿಗೆ ತುಪ್ಪ ಬೆರೆಸಿ ಕಾಡಿಗೆ ಮಾಡುತ್ತಿದ್ದಳು. ಅದು ದೊಡ್ಡವರ ಮಾತಾಯಿತು. ಮಕ್ಕಳ ಕಣ್ಣಿನೊಳಗೆ ಮನೆಯ ಕಾಡಿಗೆಯೂ ಬೇಡವೆಂದು ವೈದ್ಯರು ಹೇಳುತ್ತಾರೆ, ನಾನು ಅವರ ಮಾತನ್ನೇ ಕೇಳಿದ್ದೇನೆ.

ಹೋಗುವವರು ವಾರದ ನಡುವಿನ ದಿನ, ಬೆಳಗ್ಗೆ ಬಾಗಿಲು ತೆರೆದ ಹೊತ್ತಿಗೆ ಹೋಗಿ; ಯುಗಾದಿ ಮತ್ತು ದೀಪಾವಳಿಯ ಹಿಂದಿನ ವಾರ ಯಾರಿಗೂ ಮಾತನಾಡಲು ಪುರಸೊತ್ತಿರುವುದಿಲ್ಲ. ಅಂಟುವಾಳವನ್ನು ಬೀಜ ತೆಗೆಸಿ ತೂಗಿಸಿಕೊಳ್ಳಿ, ಇಲ್ಲವಾದರೆ ಬೀಜದ ತೂಕಕ್ಕೂ ಹಣ ಕೊಟ್ಟಂತಾಗುತ್ತದೆ. ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಬೆಚ್ಚಗಿರುವಾಗಲೇ ಕಟ್ಟಿಕೊಟ್ಟರೆ ಮನೆಗೆ ಬಂದ ಕೂಡಲೇ ಹರಡಿ ಆರಿಸಿ, ಬಿಗಿ ಮುಚ್ಚಳದ ಒಣ ಡಬ್ಬಿಗೆ ತುಂಬಿಡಿ. ಮೊದಲ ಸಲ ಬಳಸುವವರು ಮೊಳಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಿ.