ಆರೈಕೆ ಗೊಂಬೆಯ ಸೆಟ್: ಆಟಿಕೆಗೆ ನಾಲ್ಕು ಅಂಕ, ಪೆಟ್ಟಿಗೆಗೆ ಒಂದು

ನಾಲ್ಕು ವರ್ಷದ ಮಗನಿಗೆಂದು ಕೊಂಡ ಈ ಸೆಟ್‌ನಲ್ಲಿ ಹಸುಗೂಸಿನ ಗಾತ್ರದ ಒಂದು ಗೊಂಬೆ, ಎರಡು ಜೊತೆ ಉಡುಪು, ಬಟ್ಟೆಯ ಡೈಪರ್‌ಗಳು, ಓರೆ ಮಾಡಿದರೆ ಹಾಲು ಇಳಿದಂತೆ ಕಾಣುವ ಬಾಟಲಿ ಮತ್ತು ಗೊಂಬೆಯನ್ನು ಎದೆಗೆ ಕಟ್ಟಿಕೊಳ್ಳಲು ಪಟ್ಟಿಗಳಿರುವ ಒಂದು ಚೀಲ ಇವೆ. ಆಟಿಕೆಯಾಗಿ ಇದಕ್ಕೆ ಐದರಲ್ಲಿ ನಾಲ್ಕು ಅಂಕ ಧಾರಾಳವಾಗಿ ಕೊಡಬಹುದು. ಅದನ್ನು ಮಾರುತ್ತಿರುವ ರೀತಿಗೆ ಒಂದಕ್ಕಿಂತ ಹೆಚ್ಚು ಕೊಡಲಾರೆ. ಗಂಡು ಮಗುವಿಗೆ ಇಂಥದ್ದನ್ನು ಕೊಳ್ಳಬಯಸುವವರ ತೊಡಕೆಲ್ಲ ಈ ಎರಡನೆಯ ವಿಷಯದಲ್ಲೇ ಇರುವುದರಿಂದ ಅದರ ಬಗ್ಗೆಯೇ ಹೆಚ್ಚು ಬರೆಯುತ್ತಿದ್ದೇನೆ.

ಗೊಂಬೆಯ ಒಡಲು ಬಟ್ಟೆಯದು. ತಲೆ, ಕೈಕಾಲುಗಳು ಮೆತ್ತನೆಯ ಪ್ಲಾಸ್ಟಿಕ್‌ನವು. ಮಲಗಿಸಿದರೆ ಕಣ್ಣು ಮುಚ್ಚುತ್ತದೆ, ಎತ್ತಿದರೆ ತೆರೆಯುತ್ತದೆ. ತಯಾರಕರು ತೋರಿರುವ ನಿಜವಾದ ಜಾಣ್ಮೆಯೆಂದರೆ ಒಡಲಿಗಿಂತ ತಲೆಯನ್ನು ಭಾರವಾಗಿ ಇಟ್ಟಿರುವುದು. ಸೊಂಟ ಹಿಡಿದು ಎತ್ತಿದರೆ ತಲೆ ಹಿಂದಕ್ಕೆ ವಾಲಿಬಿಡುತ್ತದೆ. ಇನ್ನೊಂದು ಕೈಯನ್ನು ಕತ್ತಿನ ಕೆಳಗೆ ಕೊಡಲೇಬೇಕಾಗುತ್ತದೆ. ಮೊದಮೊದಲು ಕಾಲು ಹಿಡಿದು ಎಳೆದುಕೊಂಡು ಹೋಗುತ್ತಿದ್ದ ಹುಡುಗ, ಬರಬರುತ್ತಾ ಯಾರೂ ಹೇಳಿಕೊಡದೆಯೇ ಅಂಗೈಯನ್ನು ಕತ್ತಿನಡಿ ಇಟ್ಟು, ತಲೆಯನ್ನು ಮೊಣಕೈಯ ಮಡಿಕೆಗೆ ಒರಗಿಸಿಕೊಂಡು, ಬಾಟಲಿಯನ್ನು ಓರೆಯಾಗಿ ಹಿಡಿಯುವುದನ್ನು ರೂಢಿಸಿಕೊಂಡ. ಬಾಟಲಿ ಖಾಲಿಯಾದಂತೆ ಕಂಡಾಗ ಗೊಂಬೆಯನ್ನು ಭುಜಕ್ಕೆ ಹಾಕಿಕೊಂಡು ಬೆನ್ನು ತಟ್ಟುತ್ತಾನೆ. ಆ ತಟ್ಟುವಿಕೆ ಎಷ್ಟು ಹಗುರವಾಗಿರಬೇಕೆಂಬ ಅಳತೆಯೂ ಅವನ ಕೈಗೆ ಬಂದಿದೆ. ಎದೆಯ ಚೀಲದ ಹೊಲಿಗೆ ಗಟ್ಟಿಯಾಗಿದೆ. ಡೈಪರ್‌ನ ವೆಲ್ಕ್ರೋ ಮಾತ್ರ ಕಳಪೆ: ನೂಲು, ಕೂದಲು ಸಿಕ್ಕಿಕೊಂಡು ಬೇಗನೆ ಹಿಡಿತ ಕಳೆದುಕೊಳ್ಳುತ್ತದೆ. ಒಂದು ಅಂಕ ಕಳೆದದ್ದು ಅದಕ್ಕಾಗಿ.

ಇನ್ನು ಪೆಟ್ಟಿಗೆ. ಅದು ಅಡಿಯಿಂದ ಮುಡಿಯವರೆಗೆ ಗುಲಾಬಿ ಬಣ್ಣದ್ದು. ಮೇಲೆ ಮೂವರು ಹುಡುಗಿಯರ ಚಿತ್ರವಿದೆ. ಹುಡುಗ ಒಬ್ಬನೂ ಇಲ್ಲ. ಒಳಗಿನ ಕೈಪಿಡಿಗೆ ‘ಪುಟ್ಟ ಅಮ್ಮನಿಗೆ’ ಎಂಬ ಶೀರ್ಷಿಕೆ. ಅದರ ಕೊನೆಯ ಪುಟದಲ್ಲಿ ಅಪ್ಪನೊಬ್ಬ ಗೊಂಬೆಯನ್ನು ತಲೆಕೆಳಗಾಗಿ ಹಿಡಿದುಕೊಂಡು ಪೇಚಾಡುತ್ತಿದ್ದಾನೆ. ಪಕ್ಕದಲ್ಲಿ ಹುಡುಗಿಯೊಬ್ಬಳು ಬಾಯಿ ಮುಚ್ಚಿಕೊಂಡು ನಗುತ್ತಿದ್ದಾಳೆ. ಇದೇ ಕಂಪನಿಯ ಸುತ್ತಿಗೆ, ಸ್ಪ್ಯಾನರ್‌ಗಳ ಸೆಟ್ ನೀಲಿ ಪೆಟ್ಟಿಗೆಯಲ್ಲಿ ಬರುತ್ತದೆ. ಅದರ ಮೇಲೆ ಅಪ್ಪ ಮಗನಿಗೆ ಮೊಳೆ ಹೊಡೆಯುವುದನ್ನು ಗಂಭೀರವಾಗಿ ಕಲಿಸುತ್ತಿದ್ದಾನೆ. ನಾನು ಕೊಂಡ ಆನ್‌ಲೈನ್ ಮಳಿಗೆಯಲ್ಲಿ ‘ಗಂಡು ಮಕ್ಕಳ ಆಟಿಕೆ’ ಎಂದು ಆಯ್ದುಕೊಂಡ ಕೂಡಲೇ ಗೊಂಬೆಯ ಸೆಟ್ ಪಟ್ಟಿಯಿಂದಲೇ ಮಾಯವಾಗುತ್ತದೆ, ಅಂದರೆ ಗಂಡು ಮಗುವಿನ ತಂದೆತಾಯಿಗಳಿಗೆ ಬೇಡವೆನ್ನುವ ಅವಕಾಶವೂ ಸಿಗದಂತೆ ಬೇರೆ ಯಾರೋ ಅವರ ಪರವಾಗಿ ಬೇಡವೆಂದು ತೀರ್ಮಾನಿಸಿಟ್ಟಿದ್ದಾರೆ.

ಬಣ್ಣದ ವಿಷಯವನ್ನು ನಾನು ಹೆಚ್ಚು ಎಳೆಯುವುದಿಲ್ಲ. 1918ರಲ್ಲಿ ಅಮೆರಿಕದ ಮಕ್ಕಳ ಉಡುಪು ವ್ಯಾಪಾರದ ಪತ್ರಿಕೆಯೊಂದು, ಗುಲಾಬಿ ಹೆಚ್ಚು ಗಟ್ಟಿಯಾದ ಬಣ್ಣವಾದ್ದರಿಂದ ಅದು ಹುಡುಗರಿಗೆ, ನವಿರಾದ ನೀಲಿ ಹುಡುಗಿಯರಿಗೆ ಎಂದು ಬರೆದಿತ್ತು ಎಂಬುದನ್ನು ನೆನೆದರೆ, ಇಂದು ಪ್ರಕೃತಿಯ ನಿಯಮವೆಂಬಂತೆ ಪಾಲಿಸುತ್ತಿರುವ ಈ ಹಂಚಿಕೆ ಎಷ್ಟು ಈಚಿನದು ಎಂಬುದು ತಿಳಿಯುತ್ತದೆ.

ಹೆಚ್ಚು ನೋಯಿಸುವುದು ಕೊನೆಯ ಪುಟದ ಆ ಚಿತ್ರ. ಹುಡುಗರಿಗೆ ಗೊಂಬೆ ಹಿಡಿಸುವುದಿಲ್ಲ ಎಂಬ ಮಾತನ್ನು ಮಾರುಕಟ್ಟೆಯೇ ಎಂದೋ ಸುಳ್ಳು ಮಾಡಿದೆ. 1959ರಲ್ಲಿ ಬಾರ್ಬಿ ಬಂದು ಗೆದ್ದ ಮೇಲೆ, 1964ರಲ್ಲಿ ಹ್ಯಾಸ್‌ಬ್ರೋ ಕಂಪನಿ ಹೆಚ್ಚುಕಡಿಮೆ ಅಷ್ಟೇ ಎತ್ತರದ, ಅದರಂತೆಯೇ ಬಟ್ಟೆ ಬದಲಿಸಬಹುದಾದ ಸೈನಿಕನ ಗೊಂಬೆ ಜಿ.ಐ. ಜೋವನ್ನು ಹುಡುಗರಿಗಾಗಿ ಹೊರತಂದಿತು. ಗೊಂಬೆ ಎಂದು ಕರೆದರೆ ಯಾರೂ ಕೊಳ್ಳಲಾರರೆಂದು ‘ಆ್ಯಕ್ಷನ್ ಫಿಗರ್’ ಎಂಬ ಹೆಸರನ್ನೂ ಕಟ್ಟಿತು. ಅಂದಿನಿಂದ ಹುಡುಗರು ಗೊಂಬೆಗಳೊಂದಿಗೆ ಆಡುತ್ತಲೇ ಬಂದಿದ್ದಾರೆ. ಆ ಗೊಂಬೆಗಳನ್ನು ಅವರು ಯುದ್ಧಕ್ಕೆ ಕಳಿಸಬಹುದಿತ್ತು, ಬೀಳಿಸಬಹುದಿತ್ತು, ಗೆಲ್ಲಿಸಬಹುದಿತ್ತು. ಅವಕ್ಕೆ ಉಣಿಸುವ, ತಟ್ಟಿ ಮಲಗಿಸುವ ಕೆಲಸವೊಂದನ್ನು ಮಾತ್ರ ಅವರ ಕೈಯಿಂದ ತೆಗೆದಿಡಲಾಯಿತು. ಗಂಡುತನದ ಹೆಸರಿನಲ್ಲಿ ಹುಡುಗನಿಂದ ಕಸಿದುಕೊಂಡದ್ದು ಈ ಆರೈಕೆಯನ್ನೇ. ಅವನು ಮುಂದೆ ತಂದೆಯಾದಾಗ ಮಗುವನ್ನು ಹೇಗೆ ಎತ್ತಿಕೊಳ್ಳಬೇಕೆಂದು ತಿಳಿಯದಿದ್ದರೆ ಅದನ್ನು ಹುಟ್ಟುಗುಣವೆಂದು ತಳ್ಳಿಹಾಕಿ ನಗುವುದು ನ್ಯಾಯವಲ್ಲ. ಹುಡುಗಿಯರಿಗೂ ಇದರಿಂದ ಆಗುವ ಹಾನಿ ಕಡಿಮೆಯೇನಲ್ಲ: ‘ಪುಟ್ಟ ಅಮ್ಮ’ ಎಂದು ಕರೆಸಿಕೊಂಡವಳ ಹೆಗಲಿಗೆ ಮುಂದೆ ಆ ಕೆಲಸವೆಲ್ಲ ಕೇಳದೆಯೇ ಬಂದು ಬೀಳುತ್ತದೆ.

ಈ ಪಾಠ ಪೆಟ್ಟಿಗೆ ತೆರೆಯುವುದಕ್ಕೂ ಬಹಳ ಮೊದಲೇ ಶುರುವಾಗುತ್ತದೆ. 1978ರಲ್ಲಿ ಪ್ರಕಟವಾದ ಕ್ಯಾರೊಲಿನ್ ಸ್ಮಿತ್ ಮತ್ತು ಬಾರ್ಬರಾ ಲಾಯ್ಡ್ ಅವರ ಪ್ರಯೋಗದಲ್ಲಿ, ಆರು ತಿಂಗಳ ಕೂಸುಗಳಿಗೆ ಒಮ್ಮೆ ಗಂಡಿನ, ಒಮ್ಮೆ ಹೆಣ್ಣಿನ ಹೆಸರಿಟ್ಟು, ಅದಕ್ಕೆ ತಕ್ಕ ಉಡುಪು ತೊಡಿಸಿ, ಆ ಕೂಸುಗಳ ಪರಿಚಯವಿಲ್ಲದ ತಾಯಂದಿರ ಕೈಗೆ ಕೊಡಲಾಯಿತು. ಗಂಡು ಎಂದು ನಂಬಿದಾಗ ಅವರು ಆ ಕೂಸನ್ನು ಕೈಕಾಲು ಆಡಿಸಲು ಹೆಚ್ಚು ಹುರಿದುಂಬಿಸಿದರು. ಆಟಿಕೆಯನ್ನು ಆರಿಸಿಕೊಟ್ಟದ್ದೂ ಆ ನಂಬಿಕೆಯಂತೆಯೇ. ಕೂಸಿಗೆ ಇನ್ನೂ ಆಯ್ಕೆಯೆಂಬುದೇ ಇಲ್ಲದ ವಯಸ್ಸದು. ಆ ತಾಯಂದಿರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಪ್ರೀತಿಯಿಂದಲೇ ಹೀಗೆ ಮಾಡುತ್ತೇವೆ ಎಂಬುದರಿಂದಲೇ ಇದನ್ನು ಗುರುತಿಸುವುದು ಕಷ್ಟ. ಮನೆಗೆ ಬಂದ ಹಿರಿಯರೊಬ್ಬರು ಮಗನ ತೋಳಿನಲ್ಲಿ ಗೊಂಬೆಯನ್ನು ಕಂಡು, “ಗಂಡು ಹುಡುಗ ನೀನು, ಇದೆಲ್ಲ ನಿನಗೇಕಪ್ಪಾ?” ಎಂದದ್ದೂ ಅಕ್ಕರೆಯಿಂದಲೇ. “ಪಾಪು ಮಲಗಿದೆ ತಾತಾ, ಮೆಲ್ಲಗೆ ಮಾತಾಡಿ” ಎಂದು ಅವನು ಉತ್ತರಿಸಿದ.

ಬೇರೆ ಕಡೆಗಳಲ್ಲಿ ಈ ಬಗ್ಗೆ ನಿಯಮಗಳೇ ಬಂದಿವೆ. ಬ್ರಿಟನ್ನಿನ ಜಾಹೀರಾತು ನಿಯಂತ್ರಕರು 2019ರ ಜೂನ್‌ನಿಂದ ಗಂಡೆಂದರೆ ಹೀಗೆ, ಹೆಣ್ಣೆಂದರೆ ಹೀಗೆ ಎಂಬ ಹಾನಿಕರವಾದ ಪಡಿಯಚ್ಚುಗಳನ್ನು ಜಾಹೀರಾತಿನಲ್ಲಿ ನಿಷೇಧಿಸಿದರು. ಆ ನಿಯಮದಡಿ ಮೊದಲು ತಡೆಗೊಳಗಾದವುಗಳಲ್ಲಿ, ಇಬ್ಬರು ತಂದೆಯರು ತಿನಿಸಿನ ಮೇಲೆ ಗಮನವಿಟ್ಟು ಮಕ್ಕಳನ್ನು ಮರೆತುಬಿಡುವ ಜಾಹೀರಾತೂ ಒಂದು. ಈ ಸೆಟ್‌ನ ಕೈಪಿಡಿಯ ಚಿತ್ರ ಅದೇ ಜಾತಿಯದು. ಲೆಗೊ ಕಂಪನಿ ತನ್ನ ಆಟಿಕೆಗಳಿಂದ ಇಂಥ ತಾರತಮ್ಯವನ್ನು ತೆಗೆಯುವುದಾಗಿ 2021ರಲ್ಲಿ ಪ್ರಕಟಿಸಿತು. ಕ್ಯಾಲಿಫೋರ್ನಿಯಾದಲ್ಲಿ 2024ರಿಂದ ದೊಡ್ಡ ಮಳಿಗೆಗಳು ಗಂಡು, ಹೆಣ್ಣು ಎಂಬ ಭೇದವಿಲ್ಲದ ಆಟಿಕೆ ವಿಭಾಗವನ್ನು ಇಡಲೇಬೇಕು. ಒಂದು ವಿಭಾಗ ಇಟ್ಟ ಮಾತ್ರಕ್ಕೆ ಸಾಲದು ಎಂಬುದು ನನ್ನ ಅಭಿಪ್ರಾಯ. ವಯಸ್ಸು ಮತ್ತು ಆಟದ ಬಗೆಯ ಪ್ರಕಾರ ಎಲ್ಲವನ್ನೂ ಜೋಡಿಸುವುದೇ ಸರಿಯಾದ ಕ್ರಮ.

ಕಂಪನಿಗೆ ಇದನ್ನೆಲ್ಲ ಬರೆದು ತಿಳಿಸಿದೆ. ಗ್ರಾಹಕರ ಅಪೇಕ್ಷೆಗೆ ತಕ್ಕಂತೆ ಪೆಟ್ಟಿಗೆಯನ್ನು ವಿನ್ಯಾಸಗೊಳಿಸಲಾಗಿದೆ ಎಂಬ ಉತ್ತರ ಬಂತು. ಹುಡುಗನ ಚಿತ್ರವನ್ನೇ ಹಾಕದೆ, ಹುಡುಗರ ಪಟ್ಟಿಯಲ್ಲಿ ತೋರಿಸದೆ, ಹುಡುಗರ ಮನೆಯವರು ಇದನ್ನು ಅಪೇಕ್ಷಿಸುತ್ತಿಲ್ಲ ಎಂದು ಅವರು ಹೇಗೆ ತಿಳಿದುಕೊಂಡರೋ, ಅದಕ್ಕೆ ಆ ಪತ್ರದಲ್ಲಿ ವಿವರಣೆ ಇರಲಿಲ್ಲ.

ಇಷ್ಟಾದರೂ ಈ ಸೆಟ್ಟನ್ನು ಕೊಳ್ಳಬಹುದು ಎಂದೇ ಹೇಳುತ್ತೇನೆ, ಅದರಲ್ಲೂ ತಮ್ಮನೋ ತಂಗಿಯೋ ಬರಲಿರುವ ಮನೆಯ ಹುಡುಗನಿಗೆ. ಹುಡುಕುವಾಗ ಗಂಡು, ಹೆಣ್ಣು ಎಂಬ ಆಯ್ಕೆಯನ್ನು ಮುಟ್ಟದೆ ವಯಸ್ಸನ್ನು ಮಾತ್ರ ನಮೂದಿಸಿದರೆ ಸಿಗುತ್ತದೆ. ಉಡುಗೊರೆಯಾಗಿ ಕೊಡುವುದಾದರೆ ಪೆಟ್ಟಿಗೆ ಮತ್ತು ಕೈಪಿಡಿಯನ್ನು ತೆಗೆದಿಟ್ಟು, ಗೊಂಬೆಯನ್ನು ಎದೆಯ ಚೀಲದಲ್ಲಿಯೇ ಕೂರಿಸಿ ಕೊಡಿ. ಬಾಟಲಿಯ ಮುಚ್ಚಳ ಜೋರಾಗಿ ತಿರುಗಿಸಿದರೆ ಕಳಚಿಕೊಳ್ಳುತ್ತದೆ, ಹಾಗಾಗಿ ತೀರಾ ಚಿಕ್ಕ ಮಕ್ಕಳ ಕೈಗೆ ಅದೊಂದನ್ನು ಕೊಡಬೇಡಿ.