ಚೌಕಿಯ ಕತ್ತಲೆಗೆ ಎಷ್ಟು ಶಾಯಿ ಬೇಕು?

ಕುಂಬಳೆ ಸುತ್ತಮುತ್ತ ಯಕ್ಷಗಾನದ ಆಟ ನಡೆದರೆ ನಾನು ರಂಗಸ್ಥಳಕ್ಕಿಂತ, ವೇಷಧಾರಿಗಳು ಬಣ್ಣ ಹಚ್ಚಿಕೊಳ್ಳುವ ಚೌಕಿಯಲ್ಲೇ ಹೆಚ್ಚು ಹೊತ್ತು ಇರುವವನು. ಅಲ್ಲಿ ತೆಗೆದ ಫೋಟೋಗಳನ್ನು ಕಪ್ಪು ಬಿಳುಪಿನಲ್ಲಿ ಮುದ್ರಿಸುವುದು ಸುಲಭವಲ್ಲ. ಬಣ್ಣದ ವೇಷದ ಮುಖದಲ್ಲಿ ಅಕ್ಕಿಹಿಟ್ಟಿನ ಚುಟ್ಟಿ ಒಂದೊಂದು ಮೊನೆಯಾಗಿ ಬೆಳ್ಳಗೆ ನಿಲ್ಲಬೇಕು, ಅದರ ಕೆಳಗೆ ಕಪ್ಪು ದಗಲೆಯ, ಅಂದರೆ ಮೇಲಂಗಿಯ, ನೆರಿಗೆಗಳೂ ಉಳಿಯಬೇಕು. ಪರದೆಯಲ್ಲಿ ಎರಡೂ ಚೆನ್ನಾಗಿರುತ್ತವೆ. ಹೊಳಪಿಲ್ಲದ ಮ್ಯಾಟ್ ಕಾಗದಕ್ಕೆ ಇಳಿಸಿದಾಗ ದಗಲೆ ಬರೀ ಮಸಿಯ ಮುದ್ದೆಯಾಗುತ್ತದೆ. "ಇನ್ನಷ್ಟು ಕಪ್ಪು ಬರಲಿ ಮಾರಾಯರೇ" ಎನ್ನುವ ಕಲಾವಿದರಿಗೆ, ಹೆಚ್ಚು ಶಾಯಿ ಎಂದರೆ ಹೆಚ್ಚು ಕಪ್ಪು ಅಲ್ಲ ಎಂದು ವಿವರಿಸಿ ಸಾಕಾಗಿದೆ.

ಇದಕ್ಕೆ ನಾನು ಬಳಸುವುದು ಕ್ವಾಡ್‌ಟೋನ್ ರಿಪ್ ಎಂಬ, ಪ್ರಿಂಟರಿಗೆ ಶಾಯಿಯ ಲೆಕ್ಕ ಹೇಳುವ ತಂತ್ರಾಂಶ. ಅಮೆರಿಕದ ರಾಯ್ ಹ್ಯಾರಿಂಗ್ಟನ್ ರೂಪಿಸಿದ್ದು, ಎಪ್ಸನ್ ಪ್ರಿಂಟರುಗಳಿಗೆಂದೇ ಇರುವುದು. ಮೊದಲು ಬಳಸಿ ನೋಡಿ, ಒಪ್ಪಿಗೆಯಾದರೆ 50 ಡಾಲರ್ ಕೊಡುವ ಪದ್ಧತಿ. ಪ್ರಿಂಟರಿನ ಸ್ವಂತ ಡ್ರೈವರಿನಲ್ಲಿಯೂ ಕಪ್ಪು ಬಿಳುಪಿನ ವಿಧಾನವಿದೆ, ಮನೆಯ ಗೋಡೆಗೆ ಅದು ಧಾರಾಳ ಸಾಕು. ಆದರೆ ಅದರಲ್ಲಿ ಒಟ್ಟು ಶಾಯಿಯನ್ನು ಏರಿಸಬಹುದು, ಇಳಿಸಬಹುದು, ಅಷ್ಟೆ. ಕಪ್ಪು, ತಿಳಿಗಪ್ಪು, ಅತಿ ತಿಳಿಗಪ್ಪು ಶಾಯಿಗಳಲ್ಲಿ ಯಾವುದು ಎಷ್ಟು ಬೀಳಬೇಕು ಎಂದು ಒಂದೊಂದಾಗಿ ಹೇಳುವ ಅಧಿಕಾರ ಕ್ವಾಡ್‌ಟೋನ್‌ನಲ್ಲಿ ನಮಗೇ ಇದೆ.

ಅಧಿಕಾರದ ಜೊತೆಗೆ ಕೆಲಸವೂ ನಮ್ಮದೇ. ಮೊದಲು ಕ್ಯಾಲಿಬ್ರೇಶನ್ ವಿಧಾನದಲ್ಲಿ ಪ್ರತಿ ಶಾಯಿಯ ಪಟ್ಟಿಯೊಂದನ್ನು ಮುದ್ರಿಸಬೇಕು. ಶೇ 5ರಿಂದ 100ರವರೆಗೆ ಐದೈದರ ಮೆಟ್ಟಿಲುಗಳು. ನನ್ನ ಹತ್ತಿ ಕಾಗದದ ಮೇಲೆ ಕಪ್ಪು ಪಟ್ಟಿ ಶೇ 45ರವರೆಗೆ ಮೆಟ್ಟಿಲು ಮೆಟ್ಟಿಲಾಗಿಯೇ ಗಾಢವಾಗುತ್ತ ಹೋಯಿತು. 50ರಲ್ಲಿ ಸಾಂದ್ರತೆ (ಕಪ್ಪಿನ ಗಾಢತೆಯ ಅಳತೆ) 1.60, 55ರಲ್ಲಿ 1.64, 60ರಲ್ಲಿ 1.65. ಅಲ್ಲಿಗೆ ಏರಿಕೆ ಮುಗಿಯಿತು. 80ರಲ್ಲಿ 1.63ಕ್ಕೆ ಇಳಿದು, 100ರ ಚೌಕ 1.58ಕ್ಕೆ ಬಂದಿತ್ತು, ಅಂದರೆ ದುಪ್ಪಟ್ಟು ಶಾಯಿ ಕುಡಿದೂ 50ರದಕ್ಕಿಂತ ಪೇಲವ. ಭೂತಗನ್ನಡಿಯಲ್ಲಿ ನೋಡಿದರೆ ಕಾರಣ ಕಾಣುತ್ತದೆ: ಕಾಗದದ ಲೇಪನ ಹಿಡಿಯಲಾಗದ ಶಾಯಿ ಮೇಲೆಯೇ ಕೊಳದಂತೆ ನಿಂತು ಒಣಗಿ, ಅಲ್ಲಲ್ಲಿ ಕಲೆಗಟ್ಟಿ, ಅಂಚು ಹರಡಿಕೊಂಡಿದೆ. ಕಾಗದದ ಬೆನ್ನೂ ಅಲ್ಲಿ ಸುಕ್ಕಾಗಿದೆ.

ನಾನು ಶಾಯಿಯ ಮಿತಿಯನ್ನು ಶೇ 55ಕ್ಕೆ ನಿಲ್ಲಿಸಿದೆ. 60ಕ್ಕೆ ಹೋದರೆ ಸಿಗುವ ಆ 0.01 ಸಾಂದ್ರತೆಯನ್ನು ಯಾವ ಕಣ್ಣೂ ಗುರುತಿಸುವುದಿಲ್ಲ, ಶಾಯಿಯ ಬಿಲ್ಲು ಮಾತ್ರ ಗುರುತಿಸುತ್ತದೆ.

ತಿಳಿ ಶಾಯಿಗಳ ಲೆಕ್ಕ ಬೇರೆ. ತಿಳಿಗಪ್ಪಿನ ಅತಿ ಗಾಢ ಚೌಕ ಕಪ್ಪು ಪಟ್ಟಿಯ ಯಾವ ಮೆಟ್ಟಿಲಿಗೆ ಸಮ ಎಂದು ಹುಡುಕಿ ಆ ಅಂಕಿಯನ್ನು ತುಂಬಬೇಕು. ಆಗ ಒಂದು ಶಾಯಿ ಮುಗಿಯುವಲ್ಲಿ ಇನ್ನೊಂದು ಹೊಲಿಗೆ ಕಾಣದಂತೆ ಕೂಡಿಕೊಳ್ಳುತ್ತದೆ. ಕೊನೆಗೆ 21 ಮೆಟ್ಟಿಲುಗಳ ಪಟ್ಟಿ ಮುದ್ರಿಸಿ, ಅಳೆದ ಅಂಕಿಗಳನ್ನು ಕೊಟ್ಟರೆ ತಂತ್ರಾಂಶವೇ ಏರಿಳಿತವನ್ನು ನೇರಗೊಳಿಸುತ್ತದೆ. ಮಿತಿ ತಪ್ಪಿದ್ದರೆ ಈ ಕೊನೆಯ ಹಂತ ಏನನ್ನೂ ಉಳಿಸಲಾರದು. ಶೇ 60ರಾಚೆ ಎಲ್ಲವೂ ಒಂದೇ ಕಪ್ಪಾಗಿರುವಾಗ ನೇರಗೊಳಿಸುವುದಕ್ಕೆ ಉಳಿದಿರುವುದೇನು?

ಅಳೆಯುವ ಉಪಕರಣ ಇಲ್ಲದವರು ಅಂಜಬೇಕಾಗಿಲ್ಲ. ಮಿತಿ ಹುಡುಕುವುದಕ್ಕೆ ಸಾಧಾರಣ ಫ್ಲಾಟ್‌ಬೆಡ್ ಸ್ಕ್ಯಾನರ್ ಸಾಕು. ಅದರ ಸ್ವಯಂಚಾಲಿತ ತಿದ್ದುಪಡಿಗಳನ್ನೆಲ್ಲ ನಿಲ್ಲಿಸಿ ಪಟ್ಟಿಯನ್ನು ಸ್ಕ್ಯಾನ್ ಮಾಡಿದರೆ ಏರಿಕೆ ಎಲ್ಲಿ ನಿಂತಿದೆ ಎಂಬುದಾದರೂ ತಿಳಿಯುತ್ತದೆ. ಮ್ಯಾಟ್ ಕಾಗದಕ್ಕೆ ಮ್ಯಾಟ್ ಕಪ್ಪು ಶಾಯಿಯನ್ನೇ ಹಾಕಬೇಕು ಎಂಬುದು ಗೊತ್ತಿದ್ದದ್ದೇ. ಅದನ್ನು ಬಿಟ್ಟು ಹೊಳಪು ಕಾಗದಕ್ಕೆಂದಿರುವ ಫೋಟೋ ಕಪ್ಪು ಹಾಕಿ ತಂತ್ರಾಂಶವನ್ನು ಬೈಯುವವರನ್ನೂ ಕಂಡಿದ್ದೇನೆ.

ನಮ್ಮ ಊರಿನ ಮಳೆಯ ವಿಷಯ ಮಾತ್ರ ಯಾವ ಕೈಪಿಡಿಯಲ್ಲೂ ಇಲ್ಲ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಸುರಿಯುವ ಕಾಸರಗೋಡಿನಲ್ಲಿ ಆಟಿ ತಿಂಗಳ ಕಾಗದ ಮುಟ್ಟಿದರೇ ತಂಪು. ಅದೇ ಪಟ್ಟಿಯನ್ನು ಮಳೆಗಾಲದಲ್ಲಿ ಮುದ್ರಿಸಿದಾಗ ನನಗೆ ಏರಿಕೆ 50ರಲ್ಲೇ ನಿಂತಿತು. ಒಣಗುವುದಕ್ಕೂ ಒಂದು ರಾತ್ರಿ ಬಿಡಬೇಕಾಗಿ ಬಂತು. ಹಸಿಯಿದ್ದಾಗ ಅಳೆದ ಅಂಕಿಯನ್ನು ನಂಬುವಂತಿಲ್ಲ. ಹಾಗಾಗಿ ಈಗ ನನ್ನಲ್ಲಿ ಬೇಸಿಗೆಗೊಂದು, ಮಳೆಗೊಂದು ಎಂದು ಎರಡು ಕರ್ವ್‌ಗಳಿವೆ, ಅಂದರೆ ಶಾಯಿಯ ಲೆಕ್ಕದ ಎರಡು ಕಡತಗಳು. ಕಾಗದವಿರುವುದು ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿ.

ವಿಂಡೋಸ್‌ನಲ್ಲಿ ಈ ಅಂಕಿಗಳನ್ನು ತಂತ್ರಾಂಶದ ಕಿಟಕಿಯಲ್ಲೇ ತುಂಬಬಹುದು. ಮ್ಯಾಕ್‌ನಲ್ಲಿ ಪಠ್ಯದ ಕಡತ ತಿದ್ದುವ ತಾಳ್ಮೆ ಬೇಕು. ತಿಂಗಳಿಗೆ ನಾಲ್ಕು ಚಿತ್ರ ಮುದ್ರಿಸುವವರಿಗೆ ಇಷ್ಟೆಲ್ಲ ರಗಳೆಯನ್ನು ನಾನು ಹೇಳುವುದಿಲ್ಲ, ಡ್ರೈವರೇ ಸಾಕು. ಪ್ರದರ್ಶನಕ್ಕೆ ಮುದ್ರಿಸುವವರು 50 ಡಾಲರಿಗೆ ಹಿಂದೆಮುಂದೆ ನೋಡಬೇಕಾಗಿಲ್ಲ. ಒಂದೇ ಎಚ್ಚರಿಕೆ: ಈಚೆಗೆ ವ್ಯಾಪಾರಿಯೊಬ್ಬರು ಕಳುಹಿಸಿದ ಕಾಗದದ ಪೊಟ್ಟಣದ ಹೆಸರು ಹಳೆಯದೇ, ಲೇಪನ ಮಾತ್ರ ಬೇರೆ. ಹೊಸ ಪೊಟ್ಟಣ ಒಡೆದ ಕೂಡಲೇ ಕಪ್ಪು ಪಟ್ಟಿಯೊಂದನ್ನಾದರೂ ಮುದ್ರಿಸಿ, ಆಮೇಲೆ ದೊಡ್ಡ ಹಾಳೆಗೆ ಕೈ ಹಾಕಿ.