ಇಂಟಿಗ್ರೇಟೆಡ್, ಮಾಡ್ಯುಲರ್, ಎಂಪಿಎಲ್: ಏರ್‌ಲೈನ್ ಪೈಲಟ್ ಆಗಲು ಯಾವ ದಾರಿ?

ಏರ್‌ಲೈನ್ ಪೈಲಟ್ ಆಗಬೇಕು ಅನ್ನುವವರು ಮೊದಲು ಕೇಳುವುದು ಯಾವ ಸ್ಕೂಲ್ ಒಳ್ಳೆಯದು ಅಂತ. ಅದಕ್ಕಿಂತ ಮುಂಚೆ ದಾರಿ ಯಾವುದು ಅಂತ ತೀರ್ಮಾನ ಆಗಬೇಕು. ನಾನು ಇಂಟಿಗ್ರೇಟೆಡ್ ಕೋರ್ಸ್‌ನಲ್ಲಿ ಶುರು ಮಾಡಿ, ಅದನ್ನು ಬಿಟ್ಟು ಮಾಡ್ಯುಲರ್ ಆಗಿ ಮುಗಿಸಿದವನು. ಟೈಪ್ ರೇಟಿಂಗ್ (ಒಂದು ನಿರ್ದಿಷ್ಟ ಮಾದರಿಯ ವಿಮಾನ ಹಾರಿಸುವ ಅರ್ಹತೆ) ಮಾಡುವಾಗ ಅದೇ ಸಿಮ್ಯುಲೇಟರ್ ಕೇಂದ್ರದಲ್ಲಿ ಎಂಪಿಎಲ್ (ಮಲ್ಟಿ ಕ್ರೂ ಪೈಲಟ್ ಲೈಸೆನ್ಸ್) ಬ್ಯಾಚ್ ಒಂದು ನಡೆಯುತ್ತಿತ್ತು. ಅವರಲ್ಲಿ ಜೋಡಿ ಇಲ್ಲದಿದ್ದಾಗ ಪಕ್ಕದ ಸೀಟಿನಲ್ಲಿ ನಾನೇ ಕೂತಿದ್ದೇನೆ. ಹಾಗಾಗಿ ಮೂರರ ರುಚಿಯೂ ಗೊತ್ತು.

ಇಂಟಿಗ್ರೇಟೆಡ್ ಅಂದರೆ ಒಂದೇ ಸ್ಕೂಲ್, ಪೂರ್ತಿ ಸಮಯ, ಸೊನ್ನೆಯಿಂದ ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ (ಹೊರಗೆ ಕಾಣದಿದ್ದರೂ ಉಪಕರಣ ನೋಡಿಯೇ ಹಾರಿಸುವ ಅರ್ಹತೆ) ತನಕ. ಇದರ ದೊಡ್ಡ ಲಾಭ ಲಯ. ಇವತ್ತು ಲ್ಯಾಂಡಿಂಗ್‌ನಲ್ಲಿ ಫ್ಲೇರ್ (ನೆಲ ಮುಟ್ಟುವ ಮುಂಚೆ ಮೂತಿ ಎತ್ತುವುದು) ಬೇಗ ಆಯಿತು ಅಂದರೆ ನಾಳೆ ಬೆಳಗ್ಗೆಯೇ ಮತ್ತೆ ಸರ್ಕ್ಯೂಟ್‌ಗೆ (ರನ್‌ವೇ ಸುತ್ತ ಹಾರಿ ಇಳಿಯುವ ಅಭ್ಯಾಸಕ್ಕೆ) ಹೋಗಿ ಸರಿ ಮಾಡಿಕೊಳ್ಳಬಹುದು, ಕೈ ಇನ್ನೂ ಮರೆತಿರುವುದಿಲ್ಲ. ಗಂಟೆಗಳೂ ಕಡಿಮೆ ಸಾಕು. ಐಕಾವೊ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ನಿಯಮದಲ್ಲಿ ಸಿಪಿಎಲ್‌ಗೆ 200 ಗಂಟೆ ಹಾರಾಟ ಬೇಕು, ಮಾನ್ಯತೆ ಪಡೆದ ಕೋರ್ಸ್ ಆದರೆ 150. ಆದರೆ ನಿಮ್ಮ ದಿನಚರಿ ಪೂರ್ತಿ ಸ್ಕೂಲಿನ ಕೈಯಲ್ಲಿರುತ್ತದೆ. ನಾನಿದ್ದ ಸ್ಕೂಲ್‌ನಲ್ಲಿ ಲೆಕ್ಕಕ್ಕೆ ವಿಮಾನಗಳು ಬೇಕಾದಷ್ಟು ಇದ್ದವು, ಆದರೆ ಅರ್ಧ ಹ್ಯಾಂಗರ್‌ನಲ್ಲೇ ನಿಂತಿರುತ್ತಿದ್ದವು. ಸಣ್ಣ ವಿಮಾನಕ್ಕೆ ಪ್ರತಿ 50 ಗಂಟೆಗೆ, 100 ಗಂಟೆಗೆ ಇನ್‌ಸ್ಪೆಕ್ಷನ್ ಇರುತ್ತದೆ, ಒಂದು ಬಿಡಿಭಾಗ ಬರುವುದು ತಡವಾದರೆ ವಾರಗಟ್ಟಲೆ ಹಾರಾಟವೇ ಇಲ್ಲ. ಇನ್‌ಸ್ಟ್ರಕ್ಟರ್‌ಗಳೂ ಅಷ್ಟೇ. ಅವರಲ್ಲಿ ಹಲವರು ತಾವೇ ಏರ್‌ಲೈನ್‌ಗಾಗಿ ಗಂಟೆ ಕೂಡಿಸುತ್ತಿರುತ್ತಾರೆ, ಕೆಲಸ ಸಿಕ್ಕ ದಿನ ಹೊರಡುತ್ತಾರೆ. ತಪ್ಪಲ್ಲ, ಆದರೆ ಹೊಸಬರು ಬಂದಾಗ ನಿಮ್ಮ ಸ್ಟಾಲ್ ರಿಕವರಿಯನ್ನು (ರೆಕ್ಕೆ ಎತ್ತುವ ಬಲ ಕಳೆದುಕೊಂಡಾಗ ವಿಮಾನವನ್ನು ಮತ್ತೆ ಹಿಡಿತಕ್ಕೆ ತರುವುದನ್ನು) ಮತ್ತೆ ಮೊದಲಿಂದ ನೋಡುತ್ತಾರೆ.

ಸ್ಕೂಲ್ ನೋಡಲು ಹೋದಾಗ ಎಷ್ಟು ವಿಮಾನ ಇದೆ ಅಂತ ಕೇಳಬೇಡಿ. ಇವತ್ತು ಎಷ್ಟು ಹಾರುತ್ತಿವೆ, ಒಂದು ವಿಮಾನಕ್ಕೆ ಎಷ್ಟು ವಿದ್ಯಾರ್ಥಿಗಳು ಅಂತ ಕೇಳಿ. ಪೂರ್ತಿ ಫೀಸನ್ನು ಒಂದೇ ಸಲ ಕೊಡಲೇಬೇಡಿ, ಹಂತ ಮುಗಿದ ಹಾಗೆ ಕೊಡಿ. ಇನ್ನೊಂದು ವಿಷಯ, ಎಷ್ಟೋ ಇಂಟಿಗ್ರೇಟೆಡ್ ಕೋರ್ಸ್‌ಗಳಲ್ಲಿ ನಡುವೆ ಪಿಪಿಎಲ್ (ಪ್ರೈವೇಟ್ ಪೈಲಟ್ ಲೈಸೆನ್ಸ್) ಕೊಡುವುದೇ ಇಲ್ಲ. ಅರ್ಧಕ್ಕೆ ಬಿಟ್ಟರೆ ಲಾಗ್‌ಬುಕ್‌ನಲ್ಲಿ ಗಂಟೆಗಳಿರುತ್ತವೆ, ಕೈಯಲ್ಲಿ ಲೈಸೆನ್ಸ್ ಇರುವುದಿಲ್ಲ. ಟ್ರೈನಿಂಗ್ ರೆಕಾರ್ಡ್‌ನ ಸಹಿ ಮಾಡಿದ ಪ್ರತಿ ಆಗಾಗ ತೆಗೆದಿಟ್ಟುಕೊಂಡಿದ್ದೆ, ಹೊಸ ಸ್ಕೂಲ್ ನನ್ನ ಗಂಟೆಗಳನ್ನು ಒಪ್ಪಿಕೊಂಡದ್ದು ಅದರಿಂದಲೇ.

ಮಾಡ್ಯುಲರ್‌ನಲ್ಲಿ ಪಿಪಿಎಲ್, ಥಿಯರಿ, ಗಂಟೆ ಕೂಡಿಸುವುದು, ಸಿಪಿಎಲ್, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಎಲ್ಲ ಬಿಡಿಬಿಡಿ. ಕೆಲಸ ಮಾಡುತ್ತಲೇ ಥಿಯರಿ ಓದಬಹುದು. ನನಗೆ ಇದರಲ್ಲಿ ತುಂಬಾ ಇಷ್ಟವಾದದ್ದು ಗಂಟೆ ಕೂಡಿಸುವ ಹಂತ. ಕೆಲವರು ಅದನ್ನು ಸುಮ್ನೆ ಅದೇ ಏರ್‌ಫೀಲ್ಡ್ ಸುತ್ತ ಹಾರಿ ಕಳೆಯುತ್ತಾರೆ, ಅದು ದುಡ್ಡು ದಂಡ. ಸಿಪಿಎಲ್‌ಗೆ ಕನಿಷ್ಠ 540 ಕಿಲೋಮೀಟರ್‌ನ ಒಂದು ಕ್ರಾಸ್‌ಕಂಟ್ರಿ (ದೂರದ ಊರಿಗೆ ಹಾರಾಟ), ದಾರಿಯಲ್ಲಿ ಎರಡು ಬೇರೆ ಏರ್‌ಫೀಲ್ಡ್‌ಗಳಲ್ಲಿ ಇಳಿದು, ಮಾಡಲೇಬೇಕು. ಅಂಥ ಹಾರಾಟಗಳನ್ನು ನಾನು ಬೇಕೆಂದೇ ಜಾಸ್ತಿ ಮಾಡಿದೆ. ಮುಂದೆ ಮೋಡ ಕೆಳಗಿಳಿಯುತ್ತಿದೆ, ಇಂಧನ ಇಷ್ಟಿದೆ, ಮುಂದೆ ಹೋಗಬೇಕಾ, ತಿರುಗಬೇಕಾ, ಪಕ್ಕದಲ್ಲಿ ಕೇಳಲು ಯಾರೂ ಇಲ್ಲ. ಆ ತೀರ್ಮಾನ ಮಾಡುವ ಅಭ್ಯಾಸ ಇಂಟಿಗ್ರೇಟೆಡ್‌ನ ಬಿಗಿ ವೇಳಾಪಟ್ಟಿಯಲ್ಲಿ ನನಗೆ ಇಷ್ಟು ಸಿಕ್ಕಿರಲಿಲ್ಲ.

ಮಾಡ್ಯುಲರ್‌ನ ಶತ್ರು ಗ್ಯಾಪ್. ದುಡ್ಡು ಹೊಂದಿಸಲು ಕೆಲವು ತಿಂಗಳು ನಿಲ್ಲಿಸಿದರೆ ಕೈಚಳಕ ಅಷ್ಟಾಗಿ ಹೋಗುವುದಿಲ್ಲ, ಆದರೆ ಇನ್‌ಸ್ಟ್ರುಮೆಂಟ್ ಸ್ಕ್ಯಾನ್ (ಎಲ್ಲ ಡಯಲ್‌ಗಳ ಮೇಲೆ ಕಣ್ಣಾಡಿಸುತ್ತಿರುವ ರೂಢಿ) ಮಾತ್ರ ಬೇಗ ಹೋಗುತ್ತದೆ. ಕಣ್ಣು ಒಂದೇ ಡಯಲ್ ಮೇಲೆ ನಿಂತುಬಿಡುತ್ತದೆ, ಹೋಲ್ಡಿಂಗ್‌ಗೆ (ಸರದಿಗಾಗಿ ಗಾಳಿಯಲ್ಲೇ ಸುತ್ತು ಹಾಕುತ್ತಾ ಕಾಯುವುದಕ್ಕೆ) ಯಾವ ಕಡೆಯಿಂದ ಎಂಟ್ರಿ ಅಂತ ಲೆಕ್ಕ ಹಾಕುವಷ್ಟರಲ್ಲಿ ಎತ್ತರ ತಪ್ಪಿರುತ್ತದೆ. ಅದಕ್ಕೆ ಗ್ಯಾಪ್ ತೆಗೆದುಕೊಳ್ಳಲೇಬೇಕಾದರೆ ಪಿಪಿಎಲ್ ಆದಮೇಲೆ ತೆಗೆದುಕೊಳ್ಳಿ, ಇನ್‌ಸ್ಟ್ರುಮೆಂಟ್ ರೇಟಿಂಗ್ ಶುರುವಾದ ಮೇಲೆ ಬೇಡ.

ಎಂಪಿಎಲ್ ಬೇರೆಯೇ ತರಹ. ಐಕಾವೊ 2006ರಲ್ಲಿ ತಂದ ಲೈಸೆನ್ಸ್ ಇದು. ಕನಿಷ್ಠ 240 ಗಂಟೆ, ಅದರಲ್ಲಿ ಹೆಚ್ಚಿನದು ಸಿಮ್ಯುಲೇಟರ್. ಶುರುವಿನಿಂದಲೇ ಇಬ್ಬರು ಪೈಲಟ್‌ಗಳ ಕೆಲಸ ಕಲಿಸುತ್ತಾರೆ. ಆ ಹುಡುಗರ ಪಕ್ಕ ಕೂತಾಗ ವ್ಯತ್ಯಾಸ ಕಣ್ಣಿಗೆ ಕಂಡಿತು. ಅವರ ಕಾಲ್‌ಔಟ್ (ಜೊತೆ ಪೈಲಟ್‌ಗೆ ಗಟ್ಟಿಯಾಗಿ ಹೇಳುವ ಮಾತು) ಸರಿಯಾದ ಕ್ಷಣಕ್ಕೆ ಬರುತ್ತಿತ್ತು, ಚೆಕ್‌ಲಿಸ್ಟ್ ಮಾತಿನ ಹಾಗೆ ಸಲೀಸು. ಒಬ್ಬರೇ ಹಾರಿ ಬಂದ ನಮ್ಮಂಥವರ ಕೈ ತಾನಾಗಿಯೇ ಫ್ಲಾಪ್ ಲಿವರ್ ಕಡೆ ಹೋಗುತ್ತದೆ, ಕೇಳಿ ಮಾಡಿಸುವುದನ್ನು ಹೊಸದಾಗಿ ರೂಢಿಸಿಕೊಳ್ಳಬೇಕು. ಆದರೆ ಈ ಲೈಸೆನ್ಸ್‌ನಿಂದ ಸಣ್ಣ ವಿಮಾನವನ್ನು ಒಬ್ಬರೇ ಬಾಡಿಗೆಗೆ ಹಾರಿಸಲು ಆಗುವುದಿಲ್ಲ, ಅದಕ್ಕೆ ಇನ್ನಷ್ಟು ತರಬೇತಿ ಬೇಕು. ಕೋರ್ಸ್ ಕೂಡ ಸಾಮಾನ್ಯವಾಗಿ ಒಂದೇ ಏರ್‌ಲೈನ್‌ಗೆ ಕಟ್ಟಿಕೊಂಡಿರುತ್ತದೆ. ಆ ಏರ್‌ಲೈನ್ ನೇಮಕಾತಿ ನಿಲ್ಲಿಸಿದರೆ ಇನ್ನೊಂದು ಕಡೆ ಹೋಗುವುದು ಸಿಪಿಎಲ್ ಇದ್ದವರಿಗಿಂತ ಕಷ್ಟ. ಏರ್‌ಲೈನ್ ಕೆಲಸವನ್ನು ಬರಹದಲ್ಲಿ ಒಪ್ಪಿಕೊಂಡಿದ್ದರೆ ಎಂಪಿಎಲ್ ಚೆನ್ನಾಗಿದೆ. ಬರೀ ಬಾಯಿಮಾತಾದರೆ ನಾನಂತೂ ಸೇರುವುದಿಲ್ಲ.

ನನ್ನ ಆಯ್ಕೆ ಈಗಲೂ ಮಾಡ್ಯುಲರ್, ಆದರೆ ಒಂದು ಬದಲಾವಣೆ ಜೊತೆ. ಪಿಪಿಎಲ್, ಗಂಟೆ ಕೂಡಿಸುವುದು ನಿಮ್ಮ ವೇಗಕ್ಕೆ ಇರಲಿ. ಅದಾದ ಮೇಲೆ ಸಿಪಿಎಲ್, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್ ರೇಟಿಂಗ್ ಮತ್ತು ಇಬ್ಬರು ಪೈಲಟ್‌ಗಳ ಎಂಸಿಸಿ ಕೋರ್ಸ್ ಇಷ್ಟನ್ನೂ ಒಂದೇ ಸ್ಕೂಲ್‌ನಲ್ಲಿ, ಬಿಡುವಿಲ್ಲದೆ, ಅದಕ್ಕೆ ಬೇಕಾದ ದುಡ್ಡು ಪೂರ್ತಿ ಕೈಯಲ್ಲಿದ್ದಾಗಲೇ ಶುರು ಮಾಡಿ. ಓದಿಗೆ ರಜೆ ಸಿಗದವರಿಗೂ ಇದು ಹೊಂದುತ್ತದೆ. ತಾವಾಗಿ ಓದಲು ಕೂರುವ ಅಭ್ಯಾಸ ಇಲ್ಲದವರು ಮಾತ್ರ ಇಂಟಿಗ್ರೇಟೆಡ್‌ಗೇ ಹೋಗಿ, ಅಲ್ಲಿ ಹಿಂದೆ ಬಿದ್ದು ಓದಿಸುತ್ತಾರೆ.

ಯಾವ ದಾರಿಯಾದರೂ ಒಂದು ರೂಪಾಯಿ ಫೀಸ್ ಕಟ್ಟುವ ಮುಂಚೆ ಕ್ಲಾಸ್ 1 ಮೆಡಿಕಲ್ (ವೃತ್ತಿಪರ ಪೈಲಟ್‌ಗಳಿಗೆ ಬೇಕಾದ ವೈದ್ಯಕೀಯ ಪರೀಕ್ಷೆ) ಮಾಡಿಸಿ. ಬಣ್ಣ ಗುರುತಿಸುವ ತೊಂದರೆಯೋ ಹೃದಯದ ತೊಂದರೆಯೋ ಇದ್ದರೆ ಆಗಲೇ ಗೊತ್ತಾಗುತ್ತದೆ.